ಮೋಡೆಮ್ ಹಾಕಿದ ಕೂಡಲೇ ಬೋರ್ಡ್ ಆಫ್ ಆಗುವುದೇಕೆ?

ಪ್ರಶ್ನೆ: ಅಡಿಕೆ ತೋಟದ ಪಂಪ್ ನೋಡಿಕೊಳ್ಳಲು ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್ ಬೋರ್ಡ್) ಇಟ್ಟಿದ್ದೇನೆ. ಯುಎಸ್‌ಬಿ ಮೋಡೆಮ್ ಹಾಕಿದರೆ ಸಾಕು, ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಬೋರ್ಡ್ ಹಾಳಾಗಿದೆಯಾ ಸರ್?
– ಓದುಗರೊಬ್ಬರು, ಶಿರಸಿ

ಉತ್ತರ: ಸುಮ್ನೆ ಹೊಸ ಬೋರ್ಡ್ ತರಬೇಡಿ, ಮೊದಲು ಪವರ್ ಕೇಬಲ್ ನೋಡಿ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ನಿಮ್ಮ ಕಡೆ ತೋಟಗಳಲ್ಲಿ ಸಿಗ್ನಲ್ ಕಡಿಮೆ ಅಲ್ವಾ, ಅದನ್ನು ಹುಡುಕುವಾಗ ಮೋಡೆಮ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಆಗ ಸಪೂರ ಕೇಬಲ್‌ನಲ್ಲೇ ವೋಲ್ಟೇಜ್ ಇಳಿದು ಬೋರ್ಡಿಗೆ ಸಾಲದೇ ಹೋಗುತ್ತದೆ. ಸುಮಾರು 4.63 ವೋಲ್ಟ್‌ಗಿಂತ ಕೆಳಗಾದರೆ ಲಾಗ್‌ನಲ್ಲಿ (ಬೋರ್ಡ್ ತಾನೇ ಬರೆದಿಡುವ ದಾಖಲೆ) ‘ಅಂಡರ್ ವೋಲ್ಟೇಜ್’ ಎಂದು ಬರುತ್ತದೆ, ಅದನ್ನು ಹುಡುಕಿ. ಗಿಡ್ಡ, ದಪ್ಪ ಕೇಬಲ್ ಹಾಕಿ. ಮೋಡೆಮ್‌ಗೆ ಬೇರೆ ಪವರ್ ಇರುವ ಹಬ್ ಕೊಡಿ. ವೋಲ್ಟೇಜ್ ಅಳೆಯಲು ಮೀಟರ್ ಹಿಡಿಯುವುದಾದರೆ ಬೋರ್ಡಿನ 2ನೇ (5 ವೋಲ್ಟ್) ಮತ್ತು 6ನೇ (ಗ್ರೌಂಡ್) ಪಿನ್‌ಗೆ ಹಿಡಿಯಿರಿ, ಆದರೆ ದಯವಿಟ್ಟು ಪ್ರೋಬ್ ಜಾರಿ ಪಕ್ಕದ 1ನೇ ಪಿನ್‌ಗೆ ತಾಗದಿರಲಿ. ಅದು 3.3 ವೋಲ್ಟ್‌ನದು, 5 ವೋಲ್ಟ್ ಹೊಕ್ಕರೆ ಬೋರ್ಡ್ ನಿಜಕ್ಕೂ ಸುಟ್ಟುಹೋಗಬಹುದು.