ಕಂಪ್ಯೂಟರ್ ಪ್ರಶ್ನೋತ್ತರ: ಡ್ರೈವರ್ ಹಾಕಿದರೂ ವೈಫೈ ಬಾರದಿದ್ದರೆ

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10ರ ಜೊತೆಗೆ ಉಬುಂಟು 24.04 ಹಾಕಿದ್ದೇನೆ. ವಿಂಡೋಸ್‌ನಲ್ಲಿ ವೈಫೈ ಸರಿಯಾಗಿದೆ, ಉಬುಂಟುವಿನಲ್ಲಿ ಅದರ ಗುರುತೇ ಇಲ್ಲ. ಕಾರ್ಡ್ ಬ್ರಾಡ್‌ಕಾಮ್ 43142. ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಂಡ ಡ್ರೈವರ್ ಫೈಲ್ ತೆರೆಯುತ್ತಿಲ್ಲ. ಉಡುಪಿಯ ಅಂಗಡಿಯವರು ಯುಎಸ್‌ಬಿ ವೈಫೈ ಅಡಾಪ್ಟರ್ ತಗೊಳ್ಳಿ ಅಂತಾರೆ. ತಗೊಳ್ಳಬೇಕಾ?
– ಬಿಸಿಎ ವಿದ್ಯಾರ್ಥಿನಿ, ಕಾಪು

ಉತ್ತರ: ಸದ್ಯಕ್ಕೆ ಬೇಡ. ನೀವು ಇಳಿಸಿಕೊಂಡ ಫೈಲ್ ವಿಂಡೋಸ್‌ನದ್ದು, ಉಬುಂಟುವಿನಲ್ಲಿ ನಡೆಯುವುದಿಲ್ಲ, ಅಳಿಸಿಬಿಡಿ. ಉಬುಂಟುವಿನ ಬುನಾದಿಯಾದ ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು (ಯಂತ್ರಭಾಗಗಳನ್ನು ನಡೆಸುವ ತಂತ್ರಾಂಶ) ಕರ್ನಲ್, ಅಂದರೆ ಸಿಸ್ಟಂನ ತಿರುಳಿನ, ಜೊತೆಗೇ ಬರುತ್ತವೆ. ನಿಮ್ಮ ಕಾರ್ಡಿನದು ಹಾಗೆ ಬರುವುದಿಲ್ಲ, ಬೇರೆಯಾಗಿ ಹಾಕಬೇಕು.

ಹಾಕಲು ನೆಟ್ ಬೇಕು, ನೆಟ್‌ಗೆ ವೈಫೈ ಬೇಕು! ಇಲ್ಲಿ ನೆರವಿಗೆ ಬರುವುದು ಆಂಡ್ರಾಯ್ಡ್ ಫೋನ್. ಕೇಬಲ್ ಚುಚ್ಚಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕೇಬಲ್ ಮೂಲಕ ಹಂಚುವುದು) ಆನ್ ಮಾಡಿ. ಉಬುಂಟುವಿಗೆ ಅದು ವೈರ್ಡ್ ನೆಟ್‌ವರ್ಕ್ ಆಗಿ ಕಾಣುತ್ತದೆ. ಟೆದರಿಂಗ್ ಗುಂಡಿ ಮಸುಕಾಗಿಯೇ ಇದ್ದರೆ ಕೇಬಲ್ ಬದಲಿಸಿ ನೋಡಿ. ಬಸ್ ಸ್ಟ್ಯಾಂಡ್ ಹತ್ತಿರ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಕೆಲವು ಚಾರ್ಜಿಂಗ್‌ಗಷ್ಟೇ, ಡೇಟಾ ತಂತಿಯೇ ಇರುವುದಿಲ್ಲ.

ನೆಟ್ ಬಂದ ಮೇಲೆ ಉಬುಂಟುವಿನಲ್ಲೇ ಇರುವ ‘ಅಡಿಷನಲ್ ಡ್ರೈವರ್ಸ್’ ಆ್ಯಪ್ ತೆರೆದು, ಬ್ರಾಡ್‌ಕಾಮ್ ಡ್ರೈವರ್ ಆರಿಸಿ ‘ಅಪ್ಲೈ ಚೇಂಜಸ್’ ಒತ್ತಿ. ಹೆಚ್ಚಿನವರು ಎಡವುವುದು ಇದರ ನಂತರ. ಸೆಕ್ಯೂರ್ ಬೂಟ್ (ನಂಬಿಕೆಯ ಡಿಜಿಟಲ್ ಸಹಿ ಇರುವ ತಂತ್ರಾಂಶವನ್ನಷ್ಟೇ ಶುರುವಾಗಲು ಬಿಡುವ ಭದ್ರತಾ ವ್ಯವಸ್ಥೆ) ಆನ್ ಇದ್ದರೆ, ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲೇ ತಯಾರಾದ ಡ್ರೈವರಿಗೆ ನಿಮ್ಮದೇ ಕೀಲಿಯಿಂದ ಸಹಿ ಬೀಳುತ್ತದೆ, ಆ ಕೀಲಿಯನ್ನು ನೀವು ಒಪ್ಪಿದ್ದೀರೆಂದು ಲ್ಯಾಪ್‌ಟಾಪ್ ಶುರುವಾಗುವಾಗ ತಿಳಿಸಬೇಕು. ಅದಕ್ಕಾಗಿಯೇ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. 8ರಿಂದ 16 ಅಕ್ಷರ, ಬರೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸಾಕು. ಬಳಕೆ ಒಂದೇ ಸಲ.

ರೀಸ್ಟಾರ್ಟ್ ಮಾಡಿದೊಡನೆ ನೀಲಿ ಪರದೆ ಬರುತ್ತದೆ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ. ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’, ಅದೇ ಪಾಸ್‌ವರ್ಡ್, ಕೊನೆಗೆ ‘ರೀಬೂಟ್’. ಏನೋ ಎರರ್ ಎಂದುಕೊಂಡು ಸುಮ್ಮನೆ ಬಿಟ್ಟರೆ ಪರದೆ ತಾನಾಗಿ ಹೋಗುತ್ತದೆ. ಆಮೇಲೆ ಡ್ರೈವರ್ ಹಾಕಿದೆ ಎಂದೇ ಕಾಣುತ್ತದೆ, ವೈಫೈ ಮಾತ್ರ ಇಲ್ಲ. ಹಾಗಾದರೆ ಡ್ರೈವರ್ ತೆಗೆದು ಮತ್ತೆ ಹಾಕಿ, ನೀಲಿ ಪರದೆಗೆ ಕಾದು ಕೂರಿ.

ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಎಂಬ ಸಲಹೆಯೂ ಕಿವಿಗೆ ಬೀಳಬಹುದು. ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಹಾಕುವ ಗೂಢಲಿಪಿ ಬೀಗ) ಇರುವ ವಿಂಡೋಸ್ ಆಗ 48 ಅಂಕಿಗಳ ರಿಕವರಿ ಕೀ ಕೇಳಿ ಕೂರಬಹುದು. ಆ ಕೀ ಕೈಯಲ್ಲಿಲ್ಲದೆ ಸೆಕ್ಯೂರ್ ಬೂಟನ್ನು ಮುಟ್ಟಬೇಡಿ.

ಮುಂದೆ ಯಾವಾಗಲಾದರೂ ಕರ್ನಲ್ ಅಪ್‌ಡೇಟ್ ಆಗಿ ವೈಫೈ ಮಾಯವಾದರೆ, ಲ್ಯಾಪ್‌ಟಾಪ್ ಆನ್ ಮಾಡಿದಾಗ ಉಬುಂಟುವೋ ವಿಂಡೋಸೋ ಎಂದು ಕೇಳುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೆಯ ಕರ್ನಲ್ ಆರಿಸಿ. ಇದು ಪದೇ ಪದೇ ಆಗತೊಡಗಿದರೆ ಅಡಾಪ್ಟರ್ ಕೊಳ್ಳಿ, ಆದರೆ ಅದರ ಚಿಪ್‌ಗೆ ಕರ್ನಲ್‌ನಲ್ಲೇ ಡ್ರೈವರ್ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಅದೇ ತಲೆನೋವು ದುಡ್ಡು ಕೊಟ್ಟು ತಂದಂತೆ.

ಪ್ರಶ್ನೆ: ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್. ಉಬುಂಟು ಹಾಕಿದ ಮೇಲೆ ಬರೀ ಕಪ್ಪು ಪರದೆ.
– ಓದುಗರು, ಸುರತ್ಕಲ್

ಉತ್ತರ: ಗ್ರಬ್ ಮೆನುವಿನಲ್ಲಿ ಉಬುಂಟು ಮೇಲೆ ನಿಂತು ‘ಇ’ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಜಾಗ ಬಿಟ್ಟು ‘nomodeset’ ಎಂದು ಇಂಗ್ಲಿಷಿನಲ್ಲಿ ಸೇರಿಸಿ, ಎಫ್10 ಒತ್ತಿ. ಆ ಒಂದು ಸಲಕ್ಕೆ ಸಾದಾ ಪರದೆ ಬರುತ್ತದೆ. ‘ಅಡಿಷನಲ್ ಡ್ರೈವರ್ಸ್’ನಲ್ಲಿ ‘ಟೆಸ್ಟೆಡ್’ ಎಂದಿರುವ ಎನ್‌ವಿಡಿಯಾ ಡ್ರೈವರ್ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ, ಮೇಲೆ ಹೇಳಿದ ನೀಲಿ ಪರದೆಯ ಕಥೆ ಇಲ್ಲಿಯೂ ಅದೇ.

ಪ್ರಶ್ನೆ: ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಡಿ ಡ್ರೈವ್‌ಗೆ ಉಬುಂಟುವಿನಿಂದ ಫೈಲ್ ಹಾಕಲೂ ಆಗುತ್ತಿಲ್ಲ.
– ಓದುಗರು, ಮಣಿಪಾಲ

ಉತ್ತರ: ಗಡಿಯಾರ ಕೆಟ್ಟಿಲ್ಲ. ಮದರ್‌ಬೋರ್ಡಿನ ಸಮಯವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಉಬುಂಟು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದೂ ಓದುತ್ತದೆ. ನಮಗೂ ಯುಟಿಸಿಗೂ ಅಂತರ 5 ಗಂಟೆ 30 ನಿಮಿಷ. ಉಬುಂಟು ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ ‘timedatectl set-local-rtc 1’ ಎಂದು ಕೊಡಿ.

ಡಿ ಡ್ರೈವ್ ತಕರಾರಿಗೆ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಇರಬೇಕು. ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಗೆ ಹೋಗುತ್ತದೆ, ಹಾಗಾಗಿ ಆ ಡ್ರೈವ್‌ಗೆ ಬರೆಯಲು ಉಬುಂಟು ಒಪ್ಪುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಕುರಿತ ಪುಟಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಅಲ್ಲಿಯವರೆಗೆ ವಿಂಡೋಸ್‌ನಿಂದ ಉಬುಂಟುವಿಗೆ ಬರುವಾಗ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಡಿ.