ಒಂಬತ್ತನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ 'ನಾನು ದೇವರ ಮಗು' ಲೇಖನ ಬಂದು ಮೂರು ವಾರವಾಯಿತು. ಎರಡು ಸಲ ಓದಿದೆ. ಡಿಸೆಂಬರ್ ಸಂಚಿಕೆಗೆ ಆಗುತ್ತಾ ಅಂತ ಕೇಳಿದ್ದೀರಿ. ಈಗಿರುವ ಹಾಗೆ ಆಗಲ್ಲ. ಆದರೆ 'ವಿಷಾದಿಸುತ್ತೇವೆ' ಅಂತ ಒಂದು ಸಾಲು ಬರೆದು ಮುಗಿಸಲು ನಿಮ್ಮ ಒಂಬತ್ತನೇ ಪುಟ ಬಿಡುತ್ತಿಲ್ಲ. ಅದಕ್ಕೇ ಈ ಉದ್ದದ ಪತ್ರ.

ಹದಿನಾಲ್ಕು ಪುಟದಲ್ಲಿ ಮೊದಲ ಎಂಟು ಪುಟ ಪ್ರಸಂಗ, ಅಂದರೆ ಚರ್ಚಿನ ಬೋಧನೆ. ನಾನೂ ಸಂಡೇ ಸ್ಕೂಲಿನಲ್ಲಿ ಬೈಬಲ್ ವಚನ ಬಾಯಿಪಾಠ ಒಪ್ಪಿಸಿ ಪೆಪ್ಪರ್‌ಮಿಂಟು ತಿಂದು ಬೆಳೆದವನು, ಆ ಧಾಟಿ ಗುರುತು ಸಿಗುತ್ತೆ. 'ಅಪಾರವಾದ ಕೃಪೆ' ಎಷ್ಟು ಕಡೆ ಬಂದಿದೆ ಅಂತ ಪೆನ್ಸಿಲ್ ಹಿಡಿದು ಎಣಿಸಿದೆ. ಇಪ್ಪತ್ತಮೂರು. ಮೂರನೇ ಸಲಕ್ಕೇ ಅದು ಓದುಗನ ಕಿವಿಗೆ ಬೀಳುವುದು ನಿಂತುಹೋಗುತ್ತದೆ. ಬೋಧಕರು ಪೀಠದಿಂದ ಹೇಳುವಾಗ ಅವರ ದನಿ ಇರುತ್ತೆ, ಮುಖ ಇರುತ್ತೆ. ಕಾಗದದ ಮೇಲೆ ನಿಮಗೆ ಅದ್ಯಾವುದೂ ಇಲ್ಲ.

ಭಾಷೆಗಿಂತ ದೊಡ್ಡ ತೊಂದರೆ ಬೇರೆ ಇದೆ. ಎರಡನೇ ಪುಟದಲ್ಲಿ 'ಲೋಕದ ಪ್ರತಿಯೊಬ್ಬನೂ ದೇವರ ಮಗುವೇ' ಅಂದಿದ್ದೀರಿ. ಹನ್ನೆರಡನೇ ಪುಟದಲ್ಲಿ 'ನಂಬಿ ದೀಕ್ಷಾಸ್ನಾನ ಪಡೆದವರು ಮಾತ್ರ ದೇವರ ಮಕ್ಕಳು' ಅಂತೀರಿ. ಯಾವುದು? ಎರಡಕ್ಕೂ ಬೈಬಲ್ಲಿನಲ್ಲಿ ಆಧಾರ ಉಂಟು, ಆದರೆ ಎರಡೂ ಒಂದೇ ಮಾತಲ್ಲ. ಗ್ರೀಸಿನ ಅಥೇನೆಯಲ್ಲಿ ನಿಂತು ಅಪೊಸ್ತಲ ಪೌಲ 'ನಾವೆಲ್ಲ ಆತನ ಸಂತಾನವೇ' ಅಂದಾಗ ಅವನು ಗ್ರೀಕ್ ಕವಿ ಅರಾತಸನ ಸಾಲನ್ನು ಎತ್ತಿಕೊಂಡಿದ್ದ. ಅದು ಹುಟ್ಟಿಸಿದವನ ಲೆಕ್ಕದ ಮಾತು. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯ ಬೇರೆ ಮಾತಾಡುತ್ತದೆ. ಯೇಸುವನ್ನು ಸ್ವೀಕರಿಸಿದವರಿಗೆ ದೇವರ ಮಕ್ಕಳಾಗುವ ಅಧಿಕಾರ ಕೊಟ್ಟ ಅನ್ನುತ್ತದೆ. ಆಗುವ ಅಧಿಕಾರ, ನೋಡಿ. ಆಗಲೇ ಆಗಿರುವವರಿಗೆ ಅದು ಯಾಕೆ ಬೇಕು? ಕ್ರೈಸ್ತ ಸಭೆಗಳೊಳಗೆ ಇದರ ಮೇಲೆ ಇವತ್ತಿಗೂ ವಾದ ಇದೆ. ನೀವು ಅದನ್ನು ಬಗೆಹರಿಸಬೇಕಿಲ್ಲ. ಆದರೆ ನಿಮ್ಮ ಲೇಖನದೊಳಗೇ ಜಗಳ ಇದೆ ಅನ್ನೋದು ನಿಮಗೆ ಗೊತ್ತಿರಬೇಕು, ಅಲ್ವಾ?

ಯೇಸು ದೇವರನ್ನು ಕರೆದ 'ಅಬ್ಬಾ' ಅನ್ನುವ ಅರಾಮಿಕ್ ಪದದ ಬಗ್ಗೆ ಐದನೇ ಪುಟದಲ್ಲಿರುವ ಒಂದು ತಪ್ಪನ್ನು ತಿದ್ದಲೇಬೇಕು. 'ಅಬ್ಬಾ ಅಂದರೆ ಡ್ಯಾಡಿ, ತೊದಲು ನುಡಿಯ ಮಗುವಿನ ಮಾತು' ಅಂತ ಬರೆದಿದ್ದೀರಿ. ಯಾವುದೋ ಇಂಗ್ಲಿಷ್ ಪ್ರಸಂಗದಿಂದ ಬಂದ ಮಾತಿದು. ಜರ್ಮನಿಯ ವಿದ್ವಾಂಸ ಯೊವಾಕಿಮ್ ಯೆರೆಮಿಯಾಸ್ ಒಂದು ಕಾಲಕ್ಕೆ ಆ ದಾರಿಯಲ್ಲಿ ಯೋಚಿಸಿದ್ದು ನಿಜ. ಆಮೇಲೆ ಅವರೇ ಹಿಂದೆ ಸರಿದರು. 1988ರಲ್ಲಿ ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ ಅದು ಡ್ಯಾಡಿ ಅಲ್ಲ ಅಂತಲೇ ಒಂದು ಲೇಖನ ಬರೆದರು. ದೊಡ್ಡವರಾದ ಮಕ್ಕಳೂ ಅಪ್ಪನನ್ನು ಹಾಗೇ ಕರೆಯುತ್ತಿದ್ದರು ಅನ್ನುವುದು ಅವರ ವಾದ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ನಮ್ಮಲ್ಲಿ ಎರಡು ವರ್ಷದ ಕೂಸೂ 'ಅಪ್ಪ' ಅನ್ನುತ್ತೆ, ಮೊಮ್ಮಕ್ಕಳು ಬಂದವನೂ 'ಅಪ್ಪ' ಅಂತಾನೆ. ಕನ್ನಡ ಬೈಬಲ್ಲಿನಲ್ಲಿ 'ಅಪ್ಪಾ, ತಂದೆಯೇ' ಅಂತ ಎಷ್ಟು ಸಲೀಸಾಗಿ ಕೂತಿದೆ. ಅದನ್ನು ಬಿಟ್ಟು ಡ್ಯಾಡಿಗೆ ಹೋದಿರಲ್ಲ! (ಸುಮ್ನೆ 'ಅಬ್ಬಾ' ಅಂತ ಬರೆದರೂ ನಮ್ಮ ಓದುಗ ನಿಮಗೆ ಏನೋ ಆಶ್ಚರ್ಯ ಆಯ್ತು ಅಂದುಕೊಳ್ಳುತ್ತಾನೆ.)

ಹೊಸ ಒಡಂಬಡಿಕೆಯಲ್ಲಿ ಆ ಪದ ಬರುವುದು ಮೂರೇ ಕಡೆ. ಎರಡು ಪೌಲನ ಪತ್ರಗಳಲ್ಲಿ. ಯೇಸುವಿನ ಬಾಯಲ್ಲಿ ಒಂದೇ ಸಲ, ಮಾರ್ಕನ ಸುವಾರ್ತೆಯ ಹದಿನಾಲ್ಕನೇ ಅಧ್ಯಾಯದಲ್ಲಿ. ಎಲ್ಲಿ? ಗೆತ್ಸೇಮನೆ ತೋಟದಲ್ಲಿ, ಹಿಡಿಯುವವರು ಬರುವ ಹೊತ್ತಿಗೆ, ಈ ಪಾತ್ರೆಯನ್ನು, ಅಂದರೆ ಬರಲಿರುವ ಸಂಕಟವನ್ನು, ನನ್ನಿಂದ ತೊಲಗಿಸು ಅಂತ ಕೇಳಿಕೊಳ್ಳುವಾಗ. ಅದು ತೊಡೆಯ ಮೇಲೆ ಕೂತು ಆಡಿದ ಮಾತಲ್ಲ. ನೀವು ಆರು, ಏಳನೇ ಪುಟದಲ್ಲಿ ದೇವರ ಮಗುವಾದ್ದರಿಂದ ನಿಮಗೆ ಸೀಟು ಸಿಕ್ಕಿತು, ತಮ್ಮನ ವೀಸಾ ಆಯ್ತು, ಸ್ಕೂಟರ್ ಅಪಘಾತದಲ್ಲಿ ಗೀರು ಗಾಯವೂ ಆಗಲಿಲ್ಲ ಅಂತ ಸಾಲಾಗಿ ಇಟ್ಟಿದ್ದೀರಿ. ಸಂತೋಷ. ಆದರೆ ಮಗ ಅಪ್ಪಾ ಅಂತ ಕರೆದ ಆ ರಾತ್ರಿ ಪಾತ್ರೆ ತೊಲಗಲಿಲ್ಲ. ಆ ಎರಡು ಪುಟ ತೆಗೆದುಬಿಡಿ.

ಈಗ ಒಂಬತ್ತನೇ ಪುಟ. ನಾಲ್ಕೇ ಸಾಲು. ನಿಮ್ಮ ದೊಡ್ಡಪ್ಪನ ಸಮಾಧಿಯ ಹತ್ತಿರ ಎಲ್ಲರೂ ನಿಂತಿದ್ದೀರಿ. ಮೊದಲ ಹಿಡಿ ಮಣ್ಣು ಯಾರು ಹಾಕೋದು ಅಂತ ಮಾತು ಬಂತು. 'ಸ್ವಂತದ್ದು ಅಂತ ಯಾರೂ ಇಲ್ವಲ್ಲ, ತಮ್ಮನ ಮಗನೇ ಹಾಕಲಿ' ಅಂತ ಯಾರೋ ಅಂದರು. ನೀವು ಬಗ್ಗಿ ಮಣ್ಣು ತೆಗೆದುಕೊಂಡಿರಿ. ಅಷ್ಟರಲ್ಲಿ ದೊಡ್ಡಮ್ಮ ಹಿಂದೆ ನಿಂತಿದ್ದ ಅಕ್ಕನ ರಟ್ಟೆ ಹಿಡಿದು ಮುಂದಕ್ಕೆ ತಂದು 'ನಿಮ್ಮಪ್ಪಂಗೆ ನೀನೇ ಹಾಕಬೇಕು' ಅಂದರು. 1987ರಲ್ಲಿ ಮೂರು ತಿಂಗಳ ಕೂಸಾಗಿ ಆ ಮನೆಗೆ ಬಂದವಳು ಆ ಅಕ್ಕ. ಇಷ್ಟು ಬರೆದು, 'ದೊಡ್ಡಪ್ಪ ಮೊದಲೇ ವಿಲ್ ಮಾಡಿಸಿದ್ದರಿಂದ ಮುಂದೆ ತೊಂದರೆ ಆಗಲಿಲ್ಲ' ಅಂತ ಒಂದು ವಾಕ್ಯ ಸೇರಿಸಿ ಮತ್ತೆ ಅಪಾರವಾದ ಕೃಪೆಗೆ ಓಡಿದ್ದೀರಿ.

ನಿಮ್ಮ ಲೇಖನ ಇರುವುದು ಅಲ್ಲಿ.

ಆ ವಿಲ್ ಯಾಕೆ ಬೇಕಾಯ್ತು ಅಂತ ಯೋಚಿಸಿದ್ದೀರಾ? 1956ರ ದತ್ತು ಕಾಯ್ದೆ ಹಿಂದೂಗಳಿಗೆ ಮತ್ತು ಅದರಡಿ ಬರುವ ಬೌದ್ಧ, ಜೈನ, ಸಿಖ್ಖರಿಗೆ. ಕ್ರೈಸ್ತರಿಗೆ ಅಂಥದ್ದು ಇರಲಿಲ್ಲ. ಮಗು ತಂದವರು 1890ರ ಪಾಲಕರ ಕಾಯ್ದೆಯ ಕೆಳಗೆ ಅರ್ಜಿ ಹಾಕಿಕೊಳ್ಳಬೇಕಿತ್ತು. ಕಾಗದದ ಮೇಲೆ ಅವರು ಪಾಲಕರು, ಅಪ್ಪ ಅಮ್ಮ ಅಲ್ಲ. ಮಗು ಪ್ರಾಯಕ್ಕೆ ಬಂದರೆ ಆ ಸಂಬಂಧವೂ ಮುಗಿಯಿತು. ಆಸ್ತಿಯಲ್ಲಿ ತಾನಾಗಿ ಬರುವ ಹಕ್ಕಿಲ್ಲ. 2000ದ ಬಾಲನ್ಯಾಯ ಕಾಯ್ದೆ, ಅದರ 2006ರ ತಿದ್ದುಪಡಿ ಬಂದ ಮೇಲೆ ಯಾವ ಧರ್ಮದವರೂ ದತ್ತು ಪಡೆಯುವ ದಾರಿ ತೆರೆಯಿತು. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟವಾಗಿ ಹೇಳಿತು. ಅಂದರೆ ನಿಮ್ಮ ದೊಡ್ಡಪ್ಪ ಭಾನುವಾರ ದೇವಾಲಯದಲ್ಲಿ ತಾನು ದೇವರ ದತ್ತುಮಗ ಅಂತ ಹಾಡುತ್ತಿದ್ದರು. ಸೋಮವಾರ ಕಚೇರಿಯಲ್ಲಿ ತನ್ನ ಮಗಳನ್ನು ಮಗಳು ಅಂತ ಬರೆಸಲು ಆಗುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಶುರು ನಿಮಗೆ ಎಲ್ಲಿ ಸಿಗುತ್ತೆ?

ಇನ್ನೂ ಒಂದು. ನಾಲ್ಕನೇ ಪುಟದಲ್ಲಿ 'ಅಂದಿನ ರೋಮನ್ನರು ಅನಾಥ ಶಿಶುಗಳನ್ನು ದತ್ತು ತೆಗೆದುಕೊಳ್ಳುವಂತೆ' ಅಂತ ಹೋಲಿಕೆ ಕೊಟ್ಟಿದ್ದೀರಿ. ರೋಮಿನ ದೊಡ್ಡ ಮನೆಗಳಲ್ಲಿ ದತ್ತು ಅಂದರೆ ಹೆಚ್ಚಾಗಿ ಬೆಳೆದ ಗಂಡಸರು. ಮನೆತನದ ಹೆಸರು, ಆಸ್ತಿ, ಮನೆದೇವರ ಪೂಜೆ ಮುಂದುವರಿಯಬೇಕಲ್ಲ, ಅದಕ್ಕೆ. ಚಕ್ರವರ್ತಿ ಅಗಸ್ಟಸ್ ಕ್ರಿ.ಶ. 4ರಲ್ಲಿ ತಿಬೇರಿಯಸ್‌ನನ್ನು ದತ್ತು ತೆಗೆದುಕೊಂಡಾಗ 'ಮಗು'ವಿಗೆ 44 ವರ್ಷ. ಕ್ರಿ.ಶ. 50ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ನೀರೋನನ್ನು ದತ್ತು ತೆಗೆದುಕೊಂಡ. ಹೊಟ್ಟೆಯಲ್ಲಿ ಹುಟ್ಟಿದ ಬ್ರಿಟಾನಿಕಸ್ ಮನೆಯಲ್ಲೇ ಇದ್ದ. ಆದರೂ ನಾಲ್ಕು ವರ್ಷಕ್ಕೆ ಪಟ್ಟ ಸಿಕ್ಕಿದ್ದು ದತ್ತುಮಗನಿಗೆ. ಆ ದಶಕದ ಕೊನೆಯ ಹೊತ್ತಿಗೆ ಪೌಲನ ಪತ್ರ ರೋಮಿಗೆ ಹೋಯಿತು. ಆ ಪತ್ರ ಕೇಳಿದವರ ಊರಿನ ಚಕ್ರವರ್ತಿಯೇ ದತ್ತುಮಗ! 'ದತ್ತು' ಅನ್ನುವ ಪದ ಕೇಳಿದಾಗ ಅವರ ಕಣ್ಣ ಮುಂದೆ ಬಂದಿದ್ದು ತೊಟ್ಟಿಲಲ್ಲ, ಪಟ್ಟ.

ಹುಯೊಥೆಸಿಯಾ ಅಂತ ಆ ಗ್ರೀಕ್ ಪದ. ಪೌಲನ ಹೆಸರಿನ ಪತ್ರಗಳಲ್ಲಿ ಐದು ಸಲ ಇದೆ. ಅದರಲ್ಲೊಂದು ಕಡೆ, ಇದು ಮೊದಲು ಇಸ್ರಾಯೇಲ್ಯರಿಗೆ ಸೇರಿದ್ದು ಅಂತ ಅವನೇ ಹೇಳುತ್ತಾನೆ, ಅದನ್ನು ಮರೆಯಬೇಡಿ. ರೋಮಾಪುರದವರಿಗೆ ಬರೆದ ಎಂಟನೇ ಅಧ್ಯಾಯದಲ್ಲಿ ಅಪ್ಪಾ ಅಂತ ಕೂಗುತ್ತೇವೆ ಅಂದವನು ಎರಡು ವಚನ ಮುಗಿಯುವುದರೊಳಗೆ ಮಕ್ಕಳಾಗಿದ್ದರೆ ಬಾಧ್ಯರು ಅಂತಾನೆ. ಹಳೆಯ ಕನ್ನಡ ಬೈಬಲ್ಲಿನ ಪದ ಅದು, ಬಾಧ್ಯರು, ಅಂದರೆ ವಾರಸುದಾರರು. ಪಹಣಿ, ಕ್ರಯಪತ್ರ ನೋಡಿದವರಿಗೆ 'ಹಕ್ಕುಬಾಧ್ಯತೆ' ಹೊಸದಲ್ಲ. ಪಾಲೂ ಬರುತ್ತೆ, ಭಾರವೂ ಬರುತ್ತೆ. ಅದೇ ವಚನದಲ್ಲಿ ಕ್ರಿಸ್ತನ ಮಹಿಮೆಯಲ್ಲಿ ಪಾಲು ಬೇಕಿದ್ದರೆ ಬಾಧೆಯಲ್ಲೂ ಪಾಲು ಅಂತಿದೆ. ಕನ್ನಡದ ಓದುಗನಿಗೆ ದತ್ತಿನ ಬಿಸಿ ಗೊತ್ತು. 1824ರಲ್ಲಿ ಕಿತ್ತೂರಿನ ಶಿವಲಿಂಗಪ್ಪನ ದತ್ತು ಒಪ್ಪಲ್ಲ ಅಂತ ಕಂಪನಿ ಅಂದಾಗ ಏನಾಯ್ತು ಅಂತ ಅವನು ಶಾಲೆಯಲ್ಲೇ ಓದಿದ್ದಾನೆ.

'ಪುತ್ರರು' ಅನ್ನುವ ಕಡೆಯೆಲ್ಲ ನೀವು 'ಮಕ್ಕಳು' ಅಂತ ಬದಲಿಸಿದ್ದೀರಿ. ಉದ್ದೇಶ ಒಳ್ಳೆಯದೇ. ಆದರೆ ಗಲಾತ್ಯದವರಿಗೆ ಬರೆದ ಮೂರನೇ ಅಧ್ಯಾಯದಲ್ಲಿ ಪೌಲ ಎಲ್ಲರನ್ನೂ ಪುತ್ರರು ಅಂತ ಕರೆದು, ಕೂಡಲೇ ಗಂಡು ಹೆಣ್ಣು ಅನ್ನುವ ಭೇದ ಇಲ್ಲ ಅಂತಾನೆ. ಹೆಣ್ಣಿಗೂ ಗಂಡುಮಗನ ಸ್ಥಾನ. ಇದನ್ನು ಶತಮಾನಗಟ್ಟಲೆ ಓದುತ್ತಾ ಬಂದ ತಿರುವಾಂಕೂರಿನ ಕ್ರೈಸ್ತ ಮನೆಗಳಲ್ಲಿ 1916ರ ಕಾಯ್ದೆಯಂತೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆಲ್ಲುವವರೆಗೂ ಹಾಗೇ ಇತ್ತು. ನಿಮ್ಮ ಅಕ್ಕ ದತ್ತುಮಗಳೂ ಹೌದು, ಹೆಣ್ಣೂ ಹೌದು. ಸಮಾಧಿಯ ಹತ್ತಿರ ಅವಳು ಯಾಕೆ ಹಿಂದೆ ನಿಂತಿದ್ದಳು ಅಂತ ನನಗನ್ನಿಸಿದ್ದು ಅದಕ್ಕೇ.

ಪಾಲು ತೆಗೆದುಕೊಂಡು ಹೋಗಿ, ಎಲ್ಲ ಕಳೆದು ಮನೆಗೆ ಮರಳಿದ ದುಂದುಗಾರ ಮಗನ ಕತೆಯನ್ನು ಹತ್ತನೇ ಪುಟದಲ್ಲಿ ಪೂರ್ತಿ ಹೇಳಿದ್ದೀರಿ. ಎಲ್ಲರಿಗೂ ಗೊತ್ತಿರೋ ಕತೆ, ಅಷ್ಟು ಬೇಡ. ಬದಲು ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯವನ್ನು ಇನ್ನೊಮ್ಮೆ ನಿಧಾನಕ್ಕೆ ಓದಿ. ಕಿರಿಯವನು ದಾರಿಯಲ್ಲಿ ಮಾತು ಕಟ್ಟಿಕೊಂಡು ಬಂದಿರುತ್ತಾನೆ. ಅದರ ಕೊನೆಯ ಸಾಲು, ನನ್ನನ್ನು ಕೂಲಿಯವರಲ್ಲಿ ಒಬ್ಬನನ್ನಾಗಿ ಇಟ್ಟುಕೋ ಅಂತ. ಅಪ್ಪನ ಮುಂದೆ ನಿಂತಾಗ ಆ ಸಾಲು ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ನಿಲುವಂಗಿ ತನ್ನಿ, ಉಂಗುರ ತನ್ನಿ ಅಂತ ಆಳುಗಳನ್ನು ಕೂಗುತ್ತಿರುತ್ತಾನೆ. ಹಿರಿಯವನನ್ನು ನೋಡಿ. ಮನೆ ಬಿಟ್ಟು ಹೋಗದ ಆ ಮಗ ಆ ಕತೆಯಲ್ಲಿ ಒಂದು ಸಲವೂ 'ಅಪ್ಪಾ' ಅನ್ನಲ್ಲ. ಇಷ್ಟು ವರ್ಷ ನಿನಗೆ ಜೀತ ಮಾಡಿದೆ ಅಂತಾನೆ, ಗ್ರೀಕಿನಲ್ಲಿ ಗುಲಾಮನಿಗೆ ಬಳಸುವ ಮಾತೇ ಅದು. ತಮ್ಮನನ್ನು 'ಈ ನಿನ್ನ ಮಗ' ಅಂತಾನೆ.

ಮಣ್ಣು ಹಿಡಿದು ನಿಂತಿದ್ದ ನೀವು ಆ ಕತೆಯಲ್ಲಿ ಯಾರು? ಇಡೀ ಲೇಖನದಲ್ಲಿ ನಿಮ್ಮನ್ನು ಮನೆಗೆ ಮರಳಿದ ಕಿರಿಯ ಮಗನ ಜಾಗದಲ್ಲೇ ಕೂರಿಸಿಕೊಂಡಿದ್ದೀರಿ. ಆ ದಿನ ಹಾಗಿರಲಿಲ್ಲ ಅಂತ ನನ್ನ ಅನುಮಾನ. ನಿಮ್ಮ ಕೈಯಲ್ಲಿದ್ದ ಮಣ್ಣು ಏನಾಯ್ತು? ಕೆಳಗೆ ಬಿಟ್ಟಿರಾ, ಅಕ್ಕನ ಕೈಗೆ ಕೊಟ್ಟಿರಾ, ಅವಳು ಹಾಕುವವರೆಗೆ ಹಿಡಿದುಕೊಂಡೇ ನಿಂತಿದ್ದಿರಾ? ಇದನ್ನು ಬರೆಯಲು ಮುಜುಗರ ಆಗುತ್ತೆ, ಗೊತ್ತು. ಆಗಲಿ.

ಹೊಸದಾಗಿ ಬರೆದು ಕಳಿಸಿ. ಐದು ಪುಟ ಸಾಕು. ವಚನ ಜಾಸ್ತಿ ಬೇಡ, ಎರಡೋ ಮೂರೋ ಇರಲಿ. ಕಾನೂನಿನ ವಿಷಯ ದೊಡ್ಡಮ್ಮನನ್ನು ಕೇಳಿ, ಅವರ ಪೆಟ್ಟಿಗೆಯಲ್ಲಿ ಆ ಹಳೆಯ ಕಾಗದ ಇದ್ದೇ ಇರುತ್ತೆ. ಅದರಲ್ಲಿ ಮಗುವಿನ ಹೆಸರಿನ ಮುಂದೆ ಏನು ಬರೆದಿದೆ ಅಂತ ನೋಡಿ, ಹಾಗೇ ಹಾಕಿ. ಅಕ್ಕನ ಒಪ್ಪಿಗೆ ಕೇಳದೆ ಮಾತ್ರ ಕಳಿಸಬೇಡಿ.

ಅವಳು ದೊಡ್ಡಪ್ಪನನ್ನು ಏನಂತ ಕರೆಯುತ್ತಿದ್ದಳು? ಅಪ್ಪಾ ಎಂಬ ಒಂದು ಪದದ ಮೇಲೆ ಅಷ್ಟೆಲ್ಲ ಬರೆದಿದ್ದೀರಿ, ಇದು ಮಾತ್ರ ಹದಿನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ.

ನವೆಂಬರ್ ಹತ್ತರೊಳಗೆ ಬಂದರೆ ಡಿಸೆಂಬರ್ ಸಂಚಿಕೆಗೆ ನೋಡಬಹುದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಹೋದ ಸಲದ ಫೈಲಿನಲ್ಲಿ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿತ್ತು.

ಇಂತಿ,
ಸಂಪಾದಕ