ಒಂದೇ ಸೆಲ್‌ಗೆ ಗುರಿ ಇಟ್ಟು ರೇಡಿಯೇಷನ್ ಕೊಡೋದು ನಮ್ಮೂರಲ್ಲಿ ಸಿಗುತ್ತಾ?

ಪ್ರಶ್ನೆ: ನಮ್ಮತ್ತೆಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಈಗ ಕರೆಂಟ್ ಕೊಡಿಸ್ತಿದೀವಿ, ದಿನಾ ಆಸ್ಪತ್ರೆಗೆ ಆಟೋದಲ್ಲಿ ಹೋಗಿ ಬರ್ತೀವಿ, ಚರ್ಮ ಕಪ್ಪಾಗಿ ಉರಿ ಉರಿ ಅಂತಾರೆ. ಪಿಯುಸಿ ಓದೋ ಮಗ ಮೈಕ್ರೋಬೀಮ್ ಅಂತ ಒಂದಿದೆ, ಒಂದೊಂದೇ ಜೀವಕೋಶಕ್ಕೆ ಹೊಡೀತಾರೆ, ಪಕ್ಕದ್ದಕ್ಕೆ ಏನೂ ಆಗಲ್ಲ ಅಂತಾನೆ. ಬೆಂಗಳೂರಲ್ಲಿ ಎಲ್ಲಾದ್ರೂ ಇದ್ಯಾ ಮೇಡಂ? ಇನ್ನೊಂದು, ಮೊಮ್ಮಕ್ಕಳನ್ನ ಅವರ ಹತ್ರ ಬಿಡಬಹುದಾ?
– ಓದುಗರೊಬ್ಬರು, ಹನುಮಂತನಗರ

ಉತ್ತರ: ಮೊದಲು ಕೊನೇ ಪ್ರಶ್ನೆ. ಧಾರಾಳವಾಗಿ ಬಿಡಿ. ಹೊರಗಿನ ಮೆಷಿನ್‌ನಿಂದ ಕೊಡೋ ಎಕ್ಸ್‌-ರೇ ಮೈಯಲ್ಲಿ ಉಳಿಯಲ್ಲ, ಮೆಷಿನ್ ಆಫ್ ಆದ ಕ್ಷಣವೇ ಮುಗೀತು, ಅವರ ಮೈಯಿಂದ ಮಕ್ಕಳಿಗೆ ಏನೂ ಬರಲ್ಲ. ಚರ್ಮ ಕಪ್ಪಾಗೋದು, ಉರಿಯೋದು ಈ ಚಿಕಿತ್ಸೇಲಿ ತುಂಬ ಜನಕ್ಕೆ ಆಗುತ್ತೆ, ಮುಗಿದ ಕೆಲವು ವಾರಕ್ಕೆ ಸಾಮಾನ್ಯವಾಗಿ ಇಳಿಯುತ್ತೆ, ಆದ್ರೂ ರೇಡಿಯೇಷನ್ ಡಾಕ್ಟ್ರಿಗೆ ತೋರಿಸಿ, ಅವ್ರನ್ನ ಕೇಳದೆ ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ. ಮಧ್ಯದಲ್ಲಿ ಮಾತ್ರ ನಿಲ್ಲಿಸಬೇಡಿ.

ಮೈಕ್ರೋಬೀಮ್ ಬೆಂಗಳೂರಲ್ಲಷ್ಟೇ ಅಲ್ಲ, ಎಲ್ಲೂ ಚಿಕಿತ್ಸೆಯಾಗಿ ಸಿಗಲ್ಲ, ಯಾಕಂದ್ರೆ ಅದು ಲ್ಯಾಬ್‌ನಲ್ಲಿ ಡಿಶ್ ಒಳಗೆ ಬೆಳೆಸಿದ ಸೆಲ್‌ಗಳ ಮೇಲೆ ನಡೆಸೋ ಪ್ರಯೋಗ. ಅಲ್ಲಿ ಹೆಚ್ಚಾಗಿ ಬಳಸೋ ಆಲ್ಫಾ ಕಣ (ಹೀಲಿಯಂ ಪರಮಾಣುವಿನ ನ್ಯೂಕ್ಲಿಯಸ್) ಮೈಯೊಳಗೆ 40-50 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹೋಗೋಷ್ಟರಲ್ಲಿ ನಿಂತೋಗುತ್ತೆ, ಅಂದ್ರೆ ಒಂದು ಕೂದಲಿನ ದಪ್ಪಾನೂ ಸರಿಯಾಗಿ ದಾಟಲ್ಲ, ಗಡ್ಡೆ ತನಕ ಎಲ್ಲಿಂದ ತಲುಪಬೇಕು.

ಆದ್ರೂ ನಿಮ್ಮ ಮಗ ಹಿಡಿದಿರೋ ವಿಷಯ ಬಹಳ ಚೆನ್ನಾಗಿದೆ, ಅವನಿಗೋಸ್ಕರ ಸ್ವಲ್ಪ ಬಿಡಿಸಿ ಹೇಳ್ತೀನಿ. ನ್ಯೂಯಾರ್ಕ್ ಹತ್ರ ಕೊಲಂಬಿಯಾ ಯೂನಿವರ್ಸಿಟಿಯವರ ಆಕ್ಸಿಲರೇಟರ್, ಅಂದ್ರೆ ಕಣಗಳಿಗೆ ವೇಗ ಕೊಡೋ ಯಂತ್ರ ಇದೆ. ಡಿಶ್‌ನ ತಳ ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಸೆಲ್‌ಗಳು ಅಂಟ್ಕೊಂಡು ಬೆಳೆದಿರ್ತವೆ, ಬಣ್ಣ ಹಾಕಿದ್ರೆ ಒಂದೊಂದರ ನ್ಯೂಕ್ಲಿಯಸ್ಸೂ ಹೊಳೆಯುತ್ತೆ, ಕ್ಯಾಮೆರಾ ನೋಡಿ ಕಂಪ್ಯೂಟರ್ ಯಾವುದು ಎಲ್ಲಿದೆ ಅಂತ ಬರ್ಕೊಳ್ಳುತ್ತೆ, ಆಮೇಲೆ ಡಿಶ್ ಸರೀತಾ ಒಂದೊಂದೇ ಸೆಲ್ ಬೀಮ್‌ನ ನೆತ್ತಿಗೆ ಬಂದು ನಿಲ್ಲುತ್ತೆ. ಕಣ ಕೆಳಗಿಂದ ಬಂದು ಸೆಲ್ ತೂರಿ ಮೇಲಿನ ಡಿಟೆಕ್ಟರ್‌ಗೆ ಬಡಿದ ತಕ್ಷಣ ಎಣಿಕೆ ಆಗಿ ಬೀಮ್ ಬಂದ್. ಇದಕ್ಕೆ ಸೆಲ್ ಮೇಲಿರೋ ಪೋಷಕ ದ್ರವ ತೆಗೆದಿರಬೇಕು, ಇಲ್ದಿದ್ರೆ ಕಣ ಅದರಲ್ಲೇ ನಿಂತು ಡಿಟೆಕ್ಟರ್ ಮುಟ್ಟಲ್ಲ, ಹಾಗಾಗಿ ಸೆಲ್ ಒಣಗೋಕೆ ಮುಂಚೆ ಕೆಲಸ ಮುಗಿಸೋ ಗಡಿಬಿಡಿ ಬೇರೆ.

ಇಷ್ಟೆಲ್ಲಾ ಯಾಕೆ? ಮನೆಗಳಲ್ಲಿ ನೆಲದಿಂದ, ಕಲ್ಲಿಂದ ಬರೋ ರೇಡಾನ್ ಅನಿಲ ಆಲ್ಫಾ ಕಣ ಬಿಡುತ್ತೆ, ಅದು ತೀರಾ ಕಮ್ಮಿ, ಶ್ವಾಸಕೋಶದ ಒಂದು ಸೆಲ್‌ಗೆ ಪೆಟ್ಟು ಬಿದ್ರೆ ಸಾಮಾನ್ಯವಾಗಿ ಒಂದೇ. ಆ ಒಂದೇ ಪೆಟ್ಟಿಗೆ ಏನಾಗುತ್ತೆ ಅಂತ ಮಾಮೂಲಿ ಬೀಮ್‌ನಿಂದ ತಿಳಿಯಲ್ಲ. ಅದು ಅಂಗಳಕ್ಕೆ ಮಳೆ ಹನಿ ಬಿದ್ದ ಹಾಗೆ ಎಲ್ಲೆಂದ್ರಲ್ಲಿ ಬೀಳುತ್ತೆ, ಸರಾಸರಿ ಸೆಲ್‌ಗೊಂದು ಅಂತ ಲೆಕ್ಕ ಹಾಕಿ ಬಿಟ್ರೂ 100ರಲ್ಲಿ 37ಕ್ಕೆ ಏನೂ ಬೀಳಲ್ಲ, 37ಕ್ಕೆ ಒಂದು, ಉಳಿದ 26ಕ್ಕೆ ಎರಡೋ ಅದಕ್ಕಿಂತ ಜಾಸ್ತೀನೋ. 1999ರಲ್ಲಿ ಕೊಲಂಬಿಯಾದವರು ಎಣಿಸಿ ಒಂದೇ ಕಣ ಕೊಟ್ಟು ನೋಡಿದಾಗ ಕ್ಯಾನ್ಸರ್ ಥರ ಬದಲಾದ ಸೆಲ್‌ಗಳು ಸರಾಸರಿ ಒಂದು ಕೊಟ್ಟದ್ದಕ್ಕಿಂತ ಕಮ್ಮಿ ಇದ್ವು, ಅಂದ್ರೆ ಹೆಚ್ಚಿನ ಹಾನಿ ಬಂದದ್ದು ಎರಡು ಮೂರು ಪೆಟ್ಟು ತಿಂದವುಗಳಿಂದ. ನನಗೆ ಇದು ಈ ಯಂತ್ರದ ಅತಿ ಸ್ಪಷ್ಟವಾದ ಉತ್ತರ ಅನ್ಸುತ್ತೆ.

ಈಗ "ಪಕ್ಕದ್ದಕ್ಕೆ ಏನೂ ಆಗಲ್ಲ" ಅನ್ನೋ ಮಾತು. ಅದು ತಪ್ಪು, ತಪ್ಪು ಅಂತ ತೋರಿಸಿದ್ರಲ್ಲಿ ಮೈಕ್ರೋಬೀಮ್ ಪಾಲೂ ದೊಡ್ಡದು! 1992ರಲ್ಲಿ ನಾಗಸಾವಾ ಮತ್ತು ಲಿಟ್ಲ್ ಅನ್ನೋ ವಿಜ್ಞಾನಿಗಳು ಮಾಮೂಲಿ ಆಲ್ಫಾ ಕಣಗಳಿಂದಲೇ ನೋಡಿದ್ರು, ಪೆಟ್ಟು ಬಿದ್ದದ್ದು 100ಕ್ಕೆ ಒಂದು ಸೆಲ್‌ಗಿಂತ ಕಮ್ಮಿ, ಕ್ರೋಮೋಸೋಮ್ ಬದಲಾವಣೆ ಕಂಡಿದ್ದು ಸುಮಾರು 30ರಲ್ಲಿ. 2000ದಲ್ಲಿ ಕೊಲಂಬಿಯಾದವರು ಮೈಕ್ರೋಬೀಮ್‌ನಿಂದ 20% ಸೆಲ್‌ಗಳಿಗೆ ಮಾತ್ರ ಹೊಡೆದು ಎಣಿಸಿದಾಗ ಮ್ಯೂಟೇಷನ್ (ಜೀನ್‌ನಲ್ಲಾಗೋ ಬದಲಾವಣೆ), ಪಕ್ಕದವಕ್ಕೆ ಏನೂ ಆಗಲ್ಲ ಅಂತ ಹಾಕಿದ ಲೆಕ್ಕಕ್ಕಿಂತ ಮೂರು ಪಟ್ಟು. ಪೆಟ್ಟು ತಿಂದ ಸೆಲ್ ನೆರೆಯವಕ್ಕೆ ಏನೋ ಸಂಕೇತ ಕಳಿಸುತ್ತೆ. ಇದು ಸೆಲ್‌ಗಳ ನಡುವಿನ ಮಾತು, ಮನುಷ್ಯರ ನಡುವೆ ಅಲ್ಲ, ಅತ್ತೆಯವರ ವಿಷಯದಲ್ಲಿ ಗಾಬರಿ ಬೇಡ.

ಪ್ರಶ್ನೆ: ಇಂಥದ್ದು ಕಲೀಬೇಕು ಅಂದ್ರೆ ಏನು ಓದಬೇಕು?
– ಬಿಎಸ್ಸಿ ವಿದ್ಯಾರ್ಥಿನಿ, ಮಲ್ಲೇಶ್ವರಂ

ಉತ್ತರ: ಫಿಸಿಕ್ಸ್ ಆದ್ರೂ ಸರಿ, ಬಯಾಲಜಿ ಆದ್ರೂ ಸರಿ, ಆದ್ರೆ ಇನ್ನೊಂದನ್ನ ಬಿಡಬೇಡಮ್ಮ, ಡಿಟೆಕ್ಟರ್ ಗೊತ್ತಿದ್ದು ಸೆಲ್ ಸಾಕೋಕೆ ಬರದಿದ್ರೆ ಇಲ್ಲಿ ಕೆಲಸ ನಡೆಯಲ್ಲ. ನಮ್ಮಲ್ಲೇ ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಸೆಂಟರ್ ಇದೆ, ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್‌ನಲ್ಲಿ ಪೆಲೆಟ್ರಾನ್ ಇದೆ, ಮೈಕ್ರೋಟ್ರಾನ್, ಪೆಲೆಟ್ರಾನ್ ಎರಡೂ ಆಕ್ಸಿಲರೇಟರ್‌ಗಳೇ, ಯೂನಿವರ್ಸಿಟಿ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಪ್ರಯೋಗ ಮಾಡ್ತಾರೆ. ಎಂಎಸ್ಸಿಗೆ ಸೇರೋ ಮುಂಚೆ ಅಲ್ಲಿ ಕೆಲಸ ಮಾಡಿರೋ ಮೇಷ್ಟ್ರು ಯಾವ ಡಿಪಾರ್ಟ್‌ಮೆಂಟಲ್ಲಿದಾರೆ ಅಂತ ವಿಚಾರಿಸು.